ಎಂಟು ವರ್ಷದ ಎದುರಾಳಿ: ವಯಸ್ಕರ ಚದುರಂಗಾಭ್ಯಾಸದ ಕುರಿತು

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಶಾಲೆಯೊಂದರ ಸಭಾಂಗಣದ ಮುಂದೆ ತಂದೆ-ತಾಯಂದಿರು ಗುಂಪುಗೂಡಿದ್ದು, ಮಕ್ಕಳ ಕೈಯಲ್ಲಿ ಸುರುಳಿ ಸುತ್ತಿದ ಚದುರಂಗದ ಹಾಸೂ ಡಿಜಿಟಲ್ ಗಡಿಯಾರವೂ ಕಂಡರೆ, ಒಳಗೆ ಪಂದ್ಯಾವಳಿ ನಡೆಯಲಿದೆಯೆಂದು ಊಹಿಸಬಹುದು. ಗುಕೇಶ್ 2024ರ ಡಿಸೆಂಬರಿನಲ್ಲಿ ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್ ಆದ ಮೇಲಂತೂ ಇಂತಹ ಸಭಾಂಗಣಗಳಲ್ಲಿ ಮಕ್ಕಳ ಸದ್ದೇ ಸದ್ದು. ಆದರೆ ಆ ಗುಂಪಿನ ಅಂಚಿನಲ್ಲಿ ತಲೆ ನರೆತ ನಾಲ್ಕಾರು ಮಂದಿ ಸ್ವಲ್ಪ ಸಂಕೋಚದಿಂದ ನಿಂತಿರುತ್ತಾರೆ. ಅವರು ಮೊಮ್ಮಕ್ಕಳನ್ನು ಕರೆತಂದವರಲ್ಲ. ಸ್ವತಃ ಆಡಲು ಬಂದವರು. ಈ ಬರಹ ಅವರನ್ನು ಕುರಿತದ್ದು. ಮನೆಯಲ್ಲಿ ಚೆನ್ನಾಗಿ ಆಡುತ್ತಿದ್ದೂ ಪಂದ್ಯಾವಳಿಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಿರುವವರನ್ನೂ ಕುರಿತದ್ದು.

ನಾವು ಮೂವರು ಗೆಳೆಯರು ಮೊದಲ ಬಾರಿಗೆ ಪಂದ್ಯಾವಳಿಯೊಂದಕ್ಕೆ ಹೆಸರು ಕೊಟ್ಟದ್ದು ವಯಸ್ಸು ಐವತ್ತು ದಾಟಿದ ಮೇಲೆ. ನಮ್ಮಲ್ಲಿ ಹಿರಿಯರಾದವರು ಆಟದಲ್ಲಿ ನಮಗೆ ಗುರುಸಮಾನರು. ಕಾಲೇಜಿನ ದಿನಗಳಿಂದ ಅವರನ್ನು ನಾವು ಸೋಲಿಸಿದ್ದು ಬೆರಳೆಣಿಕೆಯಷ್ಟು ಬಾರಿ. ಅಂದು ಥಾಣೆಯ ಸಭಾಂಗಣದಲ್ಲಿ ಮೊದಲ ಸುತ್ತಿನಲ್ಲಿ ಅವರೆದುರು ಕುಳಿತವಳು ಎಂಟು ವರ್ಷದ ಬಾಲಕಿ. ಕುರ್ಚಿಯ ಮೇಲೆ ಮಂಡಿಯೂರಿ ಕುಳಿತರೆ ಮಾತ್ರ ಆಕೆಯ ಕೈ ಎದುರಿನ ಸಾಲಿಗೆ ನಿಲುಕುತ್ತಿತ್ತು. ಇಪ್ಪತ್ತೆರಡು ನಡೆಗಳಲ್ಲಿ ಗೆಳೆಯರ ಮಂತ್ರಿ ಹೋಯಿತು. ಮುಂದಿನ ಐದು ನಡೆಗಳಲ್ಲಿ ರಾಜನೂ ಸಿಕ್ಕಿಬಿದ್ದ. ಎರಡನೆಯ ಸುತ್ತಿನಲ್ಲೂ ಸೋತು, ಮಧ್ಯಾಹ್ನದ ಊಟದ ಹೊತ್ತಿಗೆ ಯಾರಿಗೂ ಹೇಳದೆ ಅವರು ಡೊಂಬಿವಲಿಯ ಗಾಡಿ ಹಿಡಿದರು. ಆಮೇಲೆ ಬಹುಕಾಲ ಅವರು ಮಣೆಯನ್ನೇ ಮುಟ್ಟಲಿಲ್ಲ. ನಲವತ್ತು ವರ್ಷಗಳ ಪ್ರೀತಿಯ ಆಟವೊಂದು ಒಂದೇ ಬೆಳಿಗ್ಗೆಯಲ್ಲಿ ಕೈಬಿಟ್ಟುಹೋಯಿತು. ಇದು ಅವರೊಬ್ಬರ ಕಥೆಯಲ್ಲ ಎಂಬುದನ್ನು ನಾವು ಅನಂತರ ಅನೇಕ ಪಂದ್ಯಾವಳಿಗಳಲ್ಲಿ ಕಂಡಿದ್ದೇವೆ. ಅವರು ಎಡವಿದ್ದೆಲ್ಲಿ ಎಂಬುದನ್ನು ತಿಳಿಯಲು ಪಂದ್ಯಾವಳಿಯ ಒಳರಚನೆಯನ್ನು ಸ್ವಲ್ಪ ಅರಿಯಬೇಕಾಗುತ್ತದೆ.

ನಮ್ಮಲ್ಲಿ ನಡೆಯುವ ಹೆಚ್ಚಿನ ಮುಕ್ತ ಪಂದ್ಯಾವಳಿಗಳು ಸ್ವಿಸ್ ಪದ್ಧತಿಯವು. 1895ರಲ್ಲಿ ಜ್ಯೂರಿಕ್ ನಗರದಲ್ಲಿ ಮೊದಲು ಬಳಕೆಗೆ ಬಂದ ಈ ಪದ್ಧತಿಯಲ್ಲಿ ಸೋತವರು ಹೊರಹೋಗುವುದಿಲ್ಲ. ಎಲ್ಲರೂ ಎಲ್ಲ ಸುತ್ತುಗಳನ್ನೂ ಆಡುತ್ತಾರೆ. ಆಟಗಾರರನ್ನು ರೇಟಿಂಗಿನ ಅನುಕ್ರಮದಲ್ಲಿ ಪಟ್ಟಿ ಮಾಡಿ, ಮೊದಲ ಸುತ್ತಿನಲ್ಲಿ ಪಟ್ಟಿಯ ಮೇಲರ್ಧವನ್ನು ಕೆಳಗಿನರ್ಧದ ಎದುರು ಕೂರಿಸಲಾಗುತ್ತದೆ. ನೂರು ಮಂದಿ ಇದ್ದರೆ ಒಂದನೆಯವರಿಗೆ ಐವತ್ತೊಂದನೆಯವರು, ಐವತ್ತನೆಯವರಿಗೆ ನೂರನೆಯವರು ಎದುರಾಳಿ. ಅನಂತರ ಪ್ರತಿ ಸುತ್ತಿನಲ್ಲೂ ಸಮಾನ ಅಂಕ ಪಡೆದವರು ಪರಸ್ಪರ ಎದುರಾಗುತ್ತಾರೆ. ರೇಟಿಂಗ್ ಇಲ್ಲದ ಹೊಸಬರು ಪಟ್ಟಿಯ ತಳದಲ್ಲಿರುವುದರಿಂದ ಅವರಿಗೆ ಮೊದಲ ಸುತ್ತಿನಲ್ಲಿ ತಮಗಿಂತ ಬಲಿಷ್ಠರೇ ಸಿಗುವುದು ಲೆಕ್ಕಾಚಾರದ ಫಲವೇ ಹೊರತು ದುರದೃಷ್ಟವಲ್ಲ. ಎರಡು ಸುತ್ತು ಸೋತ ಮೇಲೆ, ಮೂರನೆಯ ಸುತ್ತಿನಿಂದ, ಸರಿಸಮಾನರು ಎದುರಾಗತೊಡಗುತ್ತಾರೆ. ನಮ್ಮ ಗೆಳೆಯರು ಎದ್ದುಹೋದದ್ದು ಅವರ ನಿಜವಾದ ಪಂದ್ಯಾವಳಿ ಆರಂಭವಾಗುವ ಹೊತ್ತಿಗೆ!

ಇನ್ನು ಆ ಬಾಲಕಿಯ ವಿಚಾರ. ಮಕ್ಕಳ ರೇಟಿಂಗ್ ಅವರ ನಿಜವಾದ ಬಲಕ್ಕಿಂತ ಸಾಮಾನ್ಯವಾಗಿ ಹಿಂದುಳಿದಿರುತ್ತದೆ. ಅವರು ಬೆಳೆಯುವ ವೇಗಕ್ಕೆ ಅಂಕಿಗಳು ಓಡಿಬರಲಾರವು. ಅಂತಾರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆ ಈ ಕಾರಣದಿಂದಲೇ ಮಕ್ಕಳಿಗೂ ಹೊಸಬರಿಗೂ ಬೇರೆ ಗುಣಕವನ್ನು ಇರಿಸಿದೆ. ಕ್ಲಾಸಿಕಲ್ ಆಟದಲ್ಲಿ 1600 ರೇಟಿಂಗಿನ ವಯಸ್ಕರು 1500ರ ಬಾಲಕನೊಡನೆ ಆಡಿದರೆ, ಪಟ್ಟಿಯ ಪ್ರಕಾರ ವಯಸ್ಕರಿಗೆ ಸಲ್ಲಬೇಕಾದ ನಿರೀಕ್ಷಿತ ಅಂಕ 0.64. ಸೋತರೆ ಅವರು 20ರ ಗುಣಕದಂತೆ 12.8 ಅಂಕ ಕಳೆದುಕೊಳ್ಳುತ್ತಾರೆ. ಬಾಲಕನು 40ರ ಗುಣಕದಂತೆ 25.6 ಅಂಕ ಗಳಿಸುತ್ತಾನೆ. ಗೆದ್ದರೆ ವಯಸ್ಕರಿಗೆ ದೊರೆಯುವುದು 7.2 ಮಾತ್ರ. ಬ್ಯಾಂಕಿನ ಬಡ್ಡಿ ಲೆಕ್ಕ ಹಾಕುವವರಿಗೆ ಇದು ನಷ್ಟದ ವ್ಯವಹಾರವೆನಿಸೀತು. ಆದರೆ ಹೊಸದಾಗಿ ಪಟ್ಟಿಗೆ ಸೇರಿದ ವಯಸ್ಕರಿಗೂ ಮೊದಲ ಮೂವತ್ತು ಆಟಗಳು ಮುಗಿಯುವವರೆಗೆ ಅದೇ 40ರ ಗುಣಕ ಅನ್ವಯಿಸುತ್ತದೆಂಬುದನ್ನು ಮರೆಯಬಾರದು.

2024ರ ಮಾರ್ಚ್ 1ರಿಂದ ಫಿಡೆ 2000ಕ್ಕಿಂತ ಕೆಳಗಿನ ಕ್ಲಾಸಿಕಲ್ ರೇಟಿಂಗುಗಳನ್ನೆಲ್ಲ ಒಮ್ಮೆಲೇ ಮೇಲೆತ್ತಿತು. 2000ಕ್ಕೆ ಎಷ್ಟು ಕಡಿಮೆಯೋ ಅದರ ಹತ್ತರಲ್ಲಿ ನಾಲ್ಕು ಪಾಲನ್ನು ಕೂಡಿಸಲಾಯಿತು. 1200 ಇದ್ದವರು 1520 ಆದರು. 1500 ಇದ್ದವರು 1700 ಆದರು. ಕನಿಷ್ಠ ಮಿತಿಯೂ 1000ದಿಂದ 1400ಕ್ಕೆ ಏರಿತು. ಆದ್ದರಿಂದ ಹಳೆಯ ಕಾಲದ ಅಂಕಿಗಳನ್ನು ನೆನಪಿಟ್ಟುಕೊಂಡು ಎದುರಾಳಿಯನ್ನು ಅಳೆಯುವುದು ತರವಲ್ಲ. ಮೊದಲ ಬಾರಿ ರೇಟಿಂಗ್ ಪಡೆಯಲು ರೇಟಿಂಗ್ ಇರುವವರೊಡನೆ ಕನಿಷ್ಠ ಐದು ಆಟಗಳನ್ನು ಆಡಿರಬೇಕು. ಅವೆಲ್ಲವೂ ಒಂದೇ ಪಂದ್ಯಾವಳಿಯಲ್ಲಿ ಆಗಬೇಕೆಂದಿಲ್ಲ.

ವಯಸ್ಸಾದ ಮೇಲೆ ಸುಧಾರಣೆ ಸಾಧ್ಯವೇ ಎಂದು ಕೇಳುವವರಿಗೆ ಎರಡು ಹೆಸರುಗಳನ್ನು ಹೇಳುವುದುಂಟು. ಮುಂಬಯಿಯ ಪ್ರವೀಣ್ ಠಿಪ್ಸೆ 1959ರಲ್ಲಿ ಹುಟ್ಟಿ, 1997ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದವರು. ಮೈಸೂರಿನ ಎಂ. ಎಸ್. ತೇಜಕುಮಾರ್ ರೈಲ್ವೆಯ ನೌಕರಿಯಲ್ಲಿದ್ದುಕೊಂಡೇ 2017ರಲ್ಲಿ, ಮೂವತ್ತರ ಮಧ್ಯಭಾಗವನ್ನು ದಾಟಿದ ಮೇಲೆ, ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎನಿಸಿದರು. ಇವರಿಬ್ಬರೂ ಅದಕ್ಕೆ ಮುನ್ನವೇ ಪ್ರಬಲ ಆಟಗಾರರಾಗಿದ್ದವರು. ನಮ್ಮಂಥವರು ಆ ಸಾಲಿಗೆ ಸೇರುವ ಕನಸು ಕಾಣಬೇಕಾಗಿಲ್ಲ. 1400ರಿಂದ 1600ಕ್ಕೆ ಹೋಗುವುದು ನಮ್ಮ ಪ್ರಶ್ನೆ. ಅದಕ್ಕೆ ಪ್ರತಿಭೆಗಿಂತ ಒಂದು ಬಗೆಯ ಶಿಸ್ತು ಹೆಚ್ಚಾಗಿ ಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲು ಬಿಡಬೇಕಾದದ್ದನ್ನು ಹೇಳಬೇಕು. ನಮ್ಮಲ್ಲಿ ಅನೇಕರು ಊರಿನಲ್ಲಿ ಅಜ್ಜನಿಂದಲೋ ಸೋದರಮಾವನಿಂದಲೋ ಕಲಿತದ್ದು ದೇಶೀ ಚದುರಂಗ. ಅದರಲ್ಲಿ ಪದಾತಿ ಮೊದಲ ನಡೆಯಲ್ಲೂ ಒಂದೇ ಮನೆ ನಡೆಯುತ್ತದೆ. ರಾಜನು ಒಮ್ಮೆ ಮಾತ್ರ ಕುದುರೆಯಂತೆ ಹಾರಬಲ್ಲನು. ಕೊನೆಯ ಮನೆ ಮುಟ್ಟಿದ ಪದಾತಿ ಆ ಸಾಲಿನ ಮೂಲ ಕಾಯಿಯಾಗಿ ಬಡ್ತಿ ಪಡೆಯುತ್ತದೆ. ಸೊಗಸಾದ ಆಟವದು. ಕುದುರೆಯೊಂದು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಬಾರಿ ಮೆಟ್ಟಿ ಬರುವ ಬಂಧಗಳನ್ನು ರಚಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರಂತಹ ರಸಿಕರು ನಮ್ಮ ನಾಡಿನಲ್ಲಿದ್ದರೆಂಬುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಪಂದ್ಯಾವಳಿಯಲ್ಲಿ ನಡೆಯುವುದು ಅಂತಾರಾಷ್ಟ್ರೀಯ ನಿಯಮ. ಎರಡು ಮನೆ ಹಾರಿ ಎದುರಾಳಿಯ ಪದಾತಿಯ ಪಕ್ಕಕ್ಕೆ ಬಂದು ನಿಂತ ತನ್ನ ಪದಾತಿಯನ್ನು, ಅದು ಒಂದೇ ಮನೆ ನಡೆದಿತ್ತೋ ಎಂಬಂತೆ ಎದುರಾಳಿ ಹುಡುಗ ಕಡಿದಾಗ, ‘ಇದು ಮೋಸ’ ಎಂದು ಎದ್ದು ನಿಂತ ಹಿರಿಯರೊಬ್ಬರನ್ನು ಕಲ್ಯಾಣದಲ್ಲಿ ನಾವು ಕಂಡಿದ್ದೇವೆ. ತೀರ್ಪುಗಾರರು ವಿನಯದಿಂದಲೇ ವಿವರಿಸಿದರು. ಆದರೂ ಆ ಮುಜುಗರದಿಂದ ಅವರು ಮುಂದಿನ ಸುತ್ತಿನವರೆಗೂ ಚೇತರಿಸಿಕೊಳ್ಳಲಿಲ್ಲ.

ಇನ್ನು ಅಭ್ಯಾಸ. ನಾವು ಮಾಡಿದ ಅತ್ಯಂತ ಉಪಯುಕ್ತ ಕೆಲಸವೆಂದರೆ ಸೋಲಿನ ಖಾತೆಯನ್ನು ತೆರೆದದ್ದು. ಒಂದು ಸಾಮಾನ್ಯ ನೋಟುಬುಕ್ಕು. ಪ್ರತಿ ಸೋಲಿಗೆ ಒಂದು ಪುಟ. ಆಟ ಯಾವ ನಡೆಯಲ್ಲಿ ಕೆಟ್ಟಿತು, ಆಗ ನಾವು ಏನನ್ನು ಯೋಚಿಸುತ್ತಿದ್ದೆವು, ಗಡಿಯಾರದಲ್ಲಿ ಎಷ್ಟು ಸಮಯ ಉಳಿದಿತ್ತು ಎಂಬ ಮೂರು ಸಂಗತಿಗಳು ಸಾಕು. ಇದನ್ನು ಕಂಪ್ಯೂಟರನ್ನು ನೋಡುವ ಮುನ್ನವೇ ಬರೆಯಬೇಕು. ಸ್ಟಾಕ್‌ಫಿಶ್‌ನಂತಹ ಯಂತ್ರ ಇಂದು ಉಚಿತವಾಗಿ ಎಲ್ಲರ ಮೊಬೈಲಿನಲ್ಲೂ ಇದೆ. ಅದು ಕ್ಷಣಾರ್ಧದಲ್ಲಿ ಸರಿಯಾದ ನಡೆಯನ್ನು ತೋರಿಸುತ್ತದೆ. ನಾವೇಕೆ ಅದನ್ನು ಕಾಣಲಿಲ್ಲವೆಂಬುದನ್ನು ಮಾತ್ರ ಹೇಳುವುದಿಲ್ಲ. ಒಂದು ವರ್ಷದ ಪುಟಗಳನ್ನು ತಿರುವಿದಾಗ ನಮಗೆ ಆಶ್ಚರ್ಯವೇ ಆಯಿತು. ಆರಂಭದ ನಡೆಗಳ ಅಜ್ಞಾನದಿಂದ ಸೋತದ್ದು ತೀರಾ ವಿರಳ. ಬಹುಪಾಲು ಆಟಗಳನ್ನು ಕಳೆದುಕೊಂಡದ್ದು ಎದುರಾಳಿಯ ಕೊನೆಯ ನಡೆಯನ್ನು ಗಮನಿಸದೆ ನಮ್ಮದೇ ಹವಣಿಕೆಯಲ್ಲಿ ಮುಳುಗಿದ್ದರಿಂದ. ನಮ್ಮ ಗೆಳೆಯರ ಮಂತ್ರಿ ಹೋದದ್ದೂ ಹೀಗೆಯೇ; ಕುದುರೆಯೊಂದು ಒಂದೇ ಹಾರಿಕೆಯಲ್ಲಿ ರಾಜನಿಗೆ ಶಹ ಕೊಟ್ಟು ಮಂತ್ರಿಯ ಮೇಲೂ ಕಣ್ಣಿಟ್ಟಿತ್ತು.

ಬ್ಯಾಂಕಿನಲ್ಲಿ ಒಬ್ಬರು ನಮೂದಿಸಿದ ವೋಚರನ್ನು ಅವರೇ ಪಾಸು ಮಾಡುವಂತಿಲ್ಲ. ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ಚದುರಂಗದ ಮಣೆಯ ಮುಂದೆ ಆ ಎರಡೂ ಹುದ್ದೆಗಳು ನಮ್ಮವೇ. ಆದ್ದರಿಂದ ನಡೆಯನ್ನು ನಿರ್ಧರಿಸಿದ ಮೇಲೆ ಕೈಯನ್ನು ಮೇಜಿನ ಕೆಳಗೇ ಇಟ್ಟುಕೊಂಡು, ಎದುರಾಳಿಯ ಕಡೆಯಿಂದ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದನ್ನು ರೂಢಿಸಿಕೊಂಡೆವು: ಇದಕ್ಕೆ ಅವರು ಶಹ ಕೊಡಬಲ್ಲರೇ? ಯಾವ ಕಾಯಿಯನ್ನು ಕಡಿಯಬಲ್ಲರು? ಯಾವುದರ ಮೇಲೆ ಹೊಸದಾಗಿ ಬೆದರಿಕೆ ಒಡ್ಡಬಲ್ಲರು? ಹತ್ತು ಸೆಕೆಂಡುಗಳ ಕೆಲಸವಿದು. ಆದರೂ ಇದು ಮೈಗೂಡಲು ನಮಗೆ ಎಂಟು ತಿಂಗಳು ಹಿಡಿಯಿತು. ಗೆಲ್ಲುತ್ತಿರುವ ಆಟದಲ್ಲಿ ಇಂದಿಗೂ ಒಮ್ಮೊಮ್ಮೆ ಮರೆಯುತ್ತೇವೆ.

ತಂತ್ರಗಳ ಸಮಸ್ಯೆಗಳನ್ನು ಬಿಡಿಸುವುದು ಎರಡನೆಯ ಅಭ್ಯಾಸ. ಇಲ್ಲಿ ವಯಸ್ಕರು ಮಾಡುವ ತಪ್ಪೆಂದರೆ ಕಠಿಣವಾದವುಗಳನ್ನೇ ಆರಿಸಿಕೊಳ್ಳುವುದು. ಎರಡು ನಡೆಗಳ ಸುಲಭ ಸಮಸ್ಯೆಗಳನ್ನೇ ಮತ್ತೆ ಮತ್ತೆ, ಗುಣಾಕಾರದ ಮಗ್ಗಿಯಂತೆ, ಕಂಡೊಡನೆ ಹೊಳೆಯುವವರೆಗೆ ಮಾಡಬೇಕು. ಲಿಚೆಸ್‌ನಂತಹ ಜಾಲತಾಣಗಳಲ್ಲಿ ಇವು ಹಣ ತೆರದೆ ಸಿಗುತ್ತವೆ. ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹತ್ತಿದವರಿಗೆ ಮೊಬೈಲು ತೆಗೆಯಲು ಕೈಯೇ ಆಡದೆಂಬುದನ್ನು ನಾವು ಬಲ್ಲೆವು. ಅದಕ್ಕೆ ನಾವು ಕಂಡುಕೊಂಡ ಉಪಾಯವಿದು: ಮನೆಯಿಂದ ಹೊರಡುವ ಮುನ್ನ ಏಳೆಂಟು ಕಾಯಿಗಳಿರುವ ಒಂದೇ ಒಂದು ಸ್ಥಿತಿಯನ್ನು ಕಣ್ತುಂಬ ನೋಡಿಟ್ಟುಕೊಂಡು, ಗಾಡಿಯ ಹಿಡಿಕೆಗೆ ನೇತುಬಿದ್ದು ಅದನ್ನು ಮನಸ್ಸಿನಲ್ಲೇ ಬಿಡಿಸುವುದು. ಮೊದಮೊದಲು ಕುರ್ಲಾ ಬರುವಷ್ಟರಲ್ಲಿ ಕಾಯಿಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಕ್ರಮೇಣ ನಿಲ್ಲತೊಡಗಿದವು.

ಇದಕ್ಕೆ ವಿರುದ್ಧವಾಗಿ, ಮೊಬೈಲಿನಲ್ಲಿ ಮೂರು ನಿಮಿಷದ ಆಟಗಳನ್ನು ರಾತ್ರಿ ಹನ್ನೆರಡರವರೆಗೆ ಆಡುವುದರಿಂದ ಪ್ರಯೋಜನವಿಲ್ಲ. ಮನರಂಜನೆಯಾಗಿ ಇರಲಿ. ಆದರೆ ಅದು ಕಲಿಸುವುದು ಅವಸರವನ್ನು. ವಾರಕ್ಕೆ ಒಂದೇ ಆದರೂ ಸರಿ, ನಿಜವಾದ ಮಣೆಯ ಮೇಲೆ, ತಲಾ ಒಂದು ಗಂಟೆಯ ಗಡಿಯಾರವಿಟ್ಟು, ನಡೆಗಳನ್ನು ಬರೆದುಕೊಂಡು ಆಡಿದ ಆಟಕ್ಕೆ ನಾವು ಹೆಚ್ಚು ಬೆಲೆ ಕೊಡುತ್ತೇವೆ. ಆರಂಭದ ನಡೆಗಳ ಬಗ್ಗೆ ದಪ್ಪ ಪುಸ್ತಕಗಳನ್ನು ಕೊಳ್ಳುವುದೂ ಅಷ್ಟೇ. ಬಿಳಿಯ ಕಾಯಿಗಳಿಗೆ ಒಂದು, ಕಪ್ಪಿಗೆ ಎರಡು ವ್ಯೂಹಗಳನ್ನು ಅರ್ಥಮಾಡಿಕೊಂಡು ವರ್ಷಗಟ್ಟಲೆ ಅವನ್ನೇ ಆಡಿದರೆ ಸಾಕು.

ಅಂತ್ಯಘಟ್ಟದ ವಿಷಯದಲ್ಲಿ ಮಾತ್ರ ವಯಸ್ಕರಿಗೆ ಲಾಭವಿದೆ. ಮಕ್ಕಳಿಗೆ ಇಲ್ಲಿ ತಾಳ್ಮೆ ಕಡಿಮೆ. ಕಲಿಯಬೇಕಾದ ಮೂಲಪಾಠಗಳೂ ಕೆಲವೇ. ಹದಿನೆಂಟನೆಯ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ತೋರಿಸಿಕೊಟ್ಟ ರಕ್ಷಣೆಯೊಂದನ್ನು ಹೇಳುತ್ತೇವೆ. ಎರಡೂ ಕಡೆ ಒಂದೊಂದು ಆನೆ. ಎದುರಾಳಿಗೆ ಒಂದು ಪದಾತಿ ಹೆಚ್ಚು. ನಮ್ಮ ರಾಜ ಆ ಪದಾತಿಯ ಮುಂದೆ, ಅದು ಬಡ್ತಿ ಪಡೆಯುವ ಮನೆಯ ಬಳಿ ಇದ್ದಾನೆ. ಆಗ ನಮ್ಮ ಆನೆಯನ್ನು ನಮ್ಮ ಕಡೆಯಿಂದ ಎಣಿಸಿದ ಮೂರನೆಯ ಅಡ್ಡಸಾಲಿನಲ್ಲಿ ನಿಲ್ಲಿಸಿ ಕಾಯಬೇಕು. ಎದುರಾಳಿಯ ರಾಜನಿಗೆ ಆ ಸಾಲನ್ನು ದಾಟಲು ಬರುವುದಿಲ್ಲ. ದಾರಿ ಮಾಡಿಕೊಳ್ಳಲೆಂದು ಪದಾತಿಯನ್ನೇ ಆ ಸಾಲಿಗೆ ತಳ್ಳಿದೊಡನೆ, ನಮ್ಮ ಆನೆ ಮಣೆಯ ಆ ತುದಿಗೆ ಹೋಗಿ ಹಿಂದಿನಿಂದ ಶಹ ಕೊಡುತ್ತ ಹೋಗಬೇಕು. ರಾಜನಿಗೆ ಮರೆಯಾಗಿದ್ದ ಪದಾತಿ ಮುಂದೆ ಹೋಗಿರುವುದರಿಂದ ಅವನಿಗೆ ಅಡಗಲು ಜಾಗವಿಲ್ಲ. ಆಟ ಡ್ರಾ. ಇದನ್ನು ತಿಳಿಯದೆ ನವಿಮುಂಬಯಿಯ ಪಂದ್ಯಾವಳಿಯೊಂದರ ಕೊನೆಯ ಸುತ್ತಿನಲ್ಲಿ, ನಾಲ್ಕು ಗಂಟೆಗಳ ಹೋರಾಟದ ಬಳಿಕ, ನಾವು ಅರ್ಧ ಅಂಕ ಕಳೆದುಕೊಂಡೆವು. ಆ ರಾತ್ರಿಯೇ ಮಣೆ ಹಾಸಿಕೊಂಡು ಕುಳಿತು ಕಲಿತೆವು. ಮುಂದಿನ ವರ್ಷ ಕಲ್ಯಾಣದಲ್ಲಿ ಅದೇ ಸ್ಥಿತಿ ಒದಗಿ, ಹದಿನಾರರ ಹುಡುಗನೊಬ್ಬ ಮೂವತ್ತು ನಡೆ ಪ್ರಯತ್ನಿಸಿ ಕೊನೆಗೆ ಕೈಚಾಚಿದ.

ಯಾವ ಪಂದ್ಯಾವಳಿಯನ್ನು ಆರಿಸಿಕೊಳ್ಳಬೇಕೆಂಬುದು ರಜೆಯ ಪ್ರಶ್ನೆಯೂ ಹೌದು. ಹತ್ತು ನಿಮಿಷಕ್ಕಿಂತ ಹೆಚ್ಚು, ಒಂದು ಗಂಟೆಗಿಂತ ಕಡಿಮೆ ಅವಧಿಯ ಆಟಕ್ಕೆ ರ‍್ಯಾಪಿಡ್ ಎಂದು ಹೆಸರು. ಏಳೆಂಟು ಸುತ್ತುಗಳು ಒಂದೇ ಭಾನುವಾರ ಮುಗಿಯುತ್ತವೆ. ಕ್ಲಾಸಿಕಲ್ ಪಂದ್ಯಾವಳಿಯಲ್ಲಿ ತಲಾ 90 ನಿಮಿಷ ಮತ್ತು ನಡೆಯೊಂದಕ್ಕೆ 30 ಸೆಕೆಂಡು ಎಂದಿದ್ದರೆ ಅರವತ್ತು ನಡೆಗಳ ಆಟ ನಾಲ್ಕು ಗಂಟೆ ಹಿಡಿಯುತ್ತದೆ. ದಿನಕ್ಕೆ ಎರಡೇ ಸುತ್ತು. ಹಾಗಾಗಿ ನಾಲ್ಕೈದು ದಿನ ಬೇಕು. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆಯಿರುವುದರಿಂದ ನಮ್ಮಂಥವರಿಗೆ ಸ್ವಲ್ಪ ಅನುಕೂಲವಾಗಿದೆ. ಆದರೂ ವರ್ಷಕ್ಕೆ ಒಂದು ಕ್ಲಾಸಿಕಲ್ ಪಂದ್ಯಾವಳಿಗೆ ರಜೆ ಕೂಡಿಡಬೇಕಾಗುತ್ತದೆ. ಮನೆಯವರ ಒಪ್ಪಿಗೆ ಮುಖ್ಯ. ‘ಇಷ್ಟು ವರ್ಷ ದುಡಿದು ಈಗ ಚಿಕ್ಕ ಮಕ್ಕಳ ಜೊತೆ ಆಡಲು ರಜೆಯೇ?’ ಎಂಬ ಮಾತು ನಮ್ಮ ಮನೆಯಲ್ಲೂ ಕೇಳಿಬಂದಿದೆ. ರೇಟಿಂಗಿಗೆ ಮಿತಿ ಹಾಕಿದ, ‘1600ರೊಳಗೆ’ ‘1800ರೊಳಗೆ’ ಎಂಬಂತಹ ಪಂದ್ಯಾವಳಿಗಳು ಹೊಸಬರಿಗೆ ಹಿತ. ಹೆಸರು ನೋಂದಾಯಿಸುವ ಮುನ್ನ ಅಖಿಲ ಭಾರತ ಚೆಸ್ ಫೆಡರೇಶನ್ನಿನ ಸದಸ್ಯತ್ವ ಮಾಡಿಸಿಕೊಂಡಿರಬೇಕು. ಹಿರಿಯರಿಗೆಂದೇ ವಿಶ್ವಮಟ್ಟದಲ್ಲಿ 2014ರಿಂದ 50 ವರ್ಷ ಮೇಲ್ಪಟ್ಟವರದು, 65 ಮೇಲ್ಪಟ್ಟವರದು ಎಂಬ ಎರಡು ವಿಭಾಗಗಳಿವೆ.

ನಿಯಮಗಳಲ್ಲಿ ಹಿರಿಯರನ್ನು ಕಾಡುವುದು ‘ಮುಟ್ಟಿದ ಕಾಯಿ ನಡೆಸಲೇಬೇಕು’ ಎಂಬುದು. ಕೋಟೆ ಕಟ್ಟುವಾಗ ಮೊದಲು ರಾಜನನ್ನೇ ಮುಟ್ಟಬೇಕು, ಒಂದೇ ಕೈಯಿಂದ. ಪದಾತಿ ಕೊನೆಯ ಮನೆ ಸೇರಿದಾಗ ಮಂತ್ರಿ ಕೈಗೆ ಸಿಗದಿದ್ದರೆ, ಮನೆಯಲ್ಲಿ ಮಾಡುವಂತೆ ಆನೆಯನ್ನು ತಲೆಕೆಳಗಾಗಿ ಇಟ್ಟು ‘ಇದು ಮಂತ್ರಿ’ ಎನ್ನುವಂತಿಲ್ಲ. ಅದು ಆನೆಯೆಂದೇ ಪರಿಗಣಿತವಾಗುತ್ತದೆ. ಗಡಿಯಾರ ನಿಲ್ಲಿಸಿ ತೀರ್ಪುಗಾರರಿಂದ ಮಂತ್ರಿಯನ್ನು ಕೇಳಿ ಪಡೆಯಬಹುದು. ಕ್ಲಾಸಿಕಲ್ ಆಟದಲ್ಲಿ ಮೊದಲ ಅಕ್ರಮ ನಡೆಗೆ ಎದುರಾಳಿಗೆ ಎರಡು ನಿಮಿಷ ಹೆಚ್ಚುವರಿ ಸಿಗುತ್ತದೆ; ಎರಡನೆಯದಕ್ಕೆ ಆಟವೇ ಹೋಗುತ್ತದೆ. ಡ್ರಾ ಕೇಳಬೇಕಾದದ್ದು ನಡೆಯನ್ನು ಮಾಡಿದ ಮೇಲೆ, ಗಡಿಯಾರ ಒತ್ತುವ ಮುನ್ನ. ಮೊಬೈಲಂತೂ ಜೇಬಿನಲ್ಲಿ ಇರಲೇಕೂಡದು. ಮಾತ್ರೆಯ ಸಮಯಕ್ಕೆಂದು ಇಟ್ಟಿದ್ದ ಅಲಾರಂ ಮೊಳಗಿ, ಗೆಲ್ಲುವ ಸ್ಥಿತಿಯಲ್ಲಿದ್ದ ಸಹ-ಆಟಗಾರರೊಬ್ಬರು ಸೋತದ್ದನ್ನು ಕಣ್ಣಾರೆ ಕಂಡಿದ್ದೇವೆ. ಮಾತ್ರೆಯನ್ನು ಜೇಬಿನಲ್ಲಿಟ್ಟು ಫೋನನ್ನು ಹೊರಗೆ ಕುಳಿತವರ ಕೈಗೆ ಕೊಡುವುದು ಕ್ಷೇಮ.

ದೇಹದ ವಿಚಾರವನ್ನೂ ಹೇಳಬೇಕು. ಮಧ್ಯಾಹ್ನ ಭರ್ಜರಿಯಾಗಿ ಉಂಡು ಮೂರನೆಯ ಸುತ್ತಿಗೆ ಕುಳಿತರೆ ತೂಕಡಿಕೆ ತಪ್ಪಿದ್ದಲ್ಲ. ನಾವು ಮೊಸರನ್ನದ ಚಿಕ್ಕ ಡಬ್ಬಿ, ಬಾಳೆಹಣ್ಣು, ನೀರು ಇಷ್ಟಕ್ಕೇ ನಿಲ್ಲಿಸಿದ್ದೇವೆ. ಸುತ್ತುಗಳ ನಡುವೆ ಹತ್ತು ನಿಮಿಷ ಅಡ್ಡಾಡುವುದು, ಸೋತ ಆಟವನ್ನು ಊಟದ ಹೊತ್ತಿನಲ್ಲಿ ಮತ್ತೆ ಕೆದಕದಿರುವುದು ನಮಗೆ ಒಗ್ಗಿದೆ. ಅದನ್ನು ಸಂಜೆಗೆ ಇಟ್ಟುಕೊಳ್ಳಬಹುದು.

ಆದರೆ ಆಟ ಮುಗಿದ ಕೂಡಲೇ, ಎದುರಾಳಿ ಒಪ್ಪಿದರೆ, ಹೊರಗಿನ ಮೆಟ್ಟಿಲ ಮೇಲೆ ಐದು ನಿಮಿಷ ಕುಳಿತು ‘ಎಲ್ಲಿ ತಪ್ಪಿದೆ?’ ಎಂದು ಕೇಳಲು ನಾಚಬಾರದು. ಮಕ್ಕಳು ಈ ವಿಷಯದಲ್ಲಿ ಉದಾರಿಗಳು. ಕಳೆದ ಬಾರಿ ನಮ್ಮನ್ನು ಸೋಲಿಸಿದ ಒಂಬತ್ತರ ಪೋರನೊಬ್ಬ, ‘ಅಂಕಲ್, ಹದಿನೈದನೆಯ ನಡೆಯಲ್ಲಿ ನಿಮ್ಮ ಒಂಟೆ ಇಲ್ಲಿ ಬಂದಿದ್ದರೆ ನಾನೇ ಸೋಲುತ್ತಿದ್ದೆ’ ಎಂದು ಕಾಯಿಗಳನ್ನು ಸರಸರನೆ ಜೋಡಿಸಿ ತೋರಿಸಿದ. ಆ ಪುಟವನ್ನು ಹಿರಿಯ ಗೆಳೆಯರಿಗೆ ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ‘ಹುಡುಗ ಹೇಳಿದ್ದು ಪೂರ್ತಿ ಸರಿಯಲ್ಲ, ಅಲ್ಲಿ ಕುದುರೆಯ ಉತ್ತರವೊಂದಿದೆ’ ಎಂದರು. ಮನೆಗೆ ಬಂದು ಯಂತ್ರದಲ್ಲಿ ನೋಡಿದೆವು. ಅವರು ಹೇಳಿದ್ದೇ ನಿಜವಾಗಿತ್ತು. ಅವರಿನ್ನೂ ಪಂದ್ಯಾವಳಿಗೆ ಬಂದಿಲ್ಲ. ಭಾನುವಾರ ಸಂಜೆ ನಮ್ಮ ನೋಟುಬುಕ್ಕನ್ನು ಮಾತ್ರ ತಪ್ಪದೆ ಕೇಳಿ ಪಡೆಯುತ್ತಾರೆ.